ಮೂರನೆಯ ‘ಎತ್ತರ’

ನಮ್ಮ ಮನೆಯಲ್ಲಿ ಜಗಳ ನಿಲ್ಲಿಸುವುದಕ್ಕೆ ಒಂದು ಸ್ವಿಚ್ ಇತ್ತು.

ಮುಂದಿನ ಕೋಣೆ ಇವರ ರೆಕಾರ್ಡಿಂಗ್ ಸ್ಟುಡಿಯೋ. ಒಳಗಿನಿಂದ ಇವರು ಆ ಸ್ವಿಚ್ ಒತ್ತಿದರೆ ಸ್ಟುಡಿಯೋದಲ್ಲೊಂದು, ಅಡುಗೆಮನೆಯಲ್ಲೊಂದು, ನಡುಮನೆಯಲ್ಲೊಂದು, ಬಚ್ಚಲುಮನೆಯಲ್ಲೊಂದು ಕೆಂಪು ಬಲ್ಬು ಹೊತ್ತಿಕೊಳ್ಳುತ್ತಿತ್ತು. ಹೊತ್ತಿಕೊಂಡಿತೆಂದರೆ ಮನೆಮಂದಿಯೆಲ್ಲ ಇದ್ದಲ್ಲಿ ಇದ್ದ ಹಾಗೇ ನಿಲ್ಲಬೇಕು. ಮಿಕ್ಸಿ ಬಂದ್, ಫ್ಯಾನ್ ಬಂದ್, ನಲ್ಲಿ ಬಂದ್. ತಲೆಗೆ ಸೋಪು ಹಚ್ಚಿಕೊಂಡಿದ್ದರೆ ಸೋಪಿನ ಸಮೇತ ಕಣ್ಣು ಮುಚ್ಚಿಕೊಂಡು ಕಾಯಬೇಕು. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಇದು ಸಂಗೀತಕ್ಕೆ ಕೊಡುವ ಮರ್ಯಾದೆ ಅಂದುಕೊಂಡಿದ್ದೆ. ನಿಜ ಗೊತ್ತಾಗುವುದಕ್ಕೆ ಬಹಳ ದಿನ ಬೇಕಾಗಲಿಲ್ಲ. “ಅಲ್ಲಾ ರೀ, ನಿನ್ನೆ ಹೇಳಿದ್ದು ಏನಾಯ್ತು?” ಎಂದು ನಾನು ಸೊಂಟಕ್ಕೆ ಕೈಯಿಟ್ಟು ಶುರು ಮಾಡಿದರೆ ಸಾಕು, ಇವರು ತುಟಿ ಪಿಟಕ್ಕೆನ್ನದೆ ಎದ್ದು ಒಳಗೆ ಹೋಗುತ್ತಿದ್ದರು. ಮರುಗಳಿಗೆಯಲ್ಲೇ ಕೆಂಪು ದೀಪ. ಒಳಗೆ ಹಾಡುವವರು ಒಬ್ಬರೂ ಇಲ್ಲವೆಂದು ನನಗೂ ಗೊತ್ತು, ನನಗೆ ಗೊತ್ತೆಂದು ಅವರಿಗೂ ಗೊತ್ತು. ಆದರೂ ದೀಪದ ಕೆಳಗೆ ಬಾಯಿ ತೆರೆಯಲು ನನಗೆ ಆಗುತ್ತಿರಲಿಲ್ಲ. ಅಭ್ಯಾಸ ಅಂದರೆ ಅಂಥದ್ದು.

ಹೀಗಾಗಿ ನಮ್ಮ ಮನೆಯಲ್ಲಿ ಕೈಸನ್ನೆಯದೇ ಒಂದು ಭಾಷೆ ಬೆಳೆದಿತ್ತು. ಅಂಗೈ ಮೇಲೆ ಉಫ್ ಎಂದು ಊದಿದರೆ ಗ್ಯಾಸ್ ಮುಗಿದಿದೆ ಎಂದರ್ಥ. ಕಿವಿ ಹಿಡಿದುಕೊಂಡರೆ ಹಾಲು ಉಕ್ಕುತ್ತಿದೆ. ಹಣೆ ಚಚ್ಚಿಕೊಂಡರೆ ಇವರ ಅಣ್ಣ ಬಂದಿದ್ದಾರೆ.

ಎಲ್ಲರಿಗಿಂತ ದೊಡ್ಡ ತ್ಯಾಗ ನಮ್ಮ ಅತ್ತೆಯದು. ಒಂದು ಕಾಲದಲ್ಲಿ ಅತ್ತೆಯ ಸೀನು ಇಡೀ ಬೀದಿಗೆ ಪ್ರಸಿದ್ಧವಾಗಿತ್ತಂತೆ. ಅವರು ಸೀನಿದರೆ ಎದುರು ಮನೆಯ ಕಿಟಕಿ ಅದುರುತ್ತಿತ್ತು, ತೊಟ್ಟಿಲಲ್ಲಿದ್ದ ಮಗು ಎದ್ದು ಕೂರುತ್ತಿತ್ತು ಎಂದು ಹಳಬರು ಈಗಲೂ ಹೇಳುತ್ತಾರೆ. ಮಗ ಸ್ಟುಡಿಯೋ ಮಾಡಿದ ದಿನದಿಂದ ಅತ್ತೆ ಸೀನನ್ನು ನುಂಗುವುದು ಕಲಿತರು. ಮೂಗು ಹಿಡಿಯುತ್ತಾರೆ, ಕಣ್ಣು ಹೊರಗೆ ಬರುತ್ತದೆ, ಭುಜ ಒಮ್ಮೆ ಮೇಲೆ ಹಾರುತ್ತದೆ, ಅಷ್ಟೇ. ಸದ್ದಿಲ್ಲ, ಸುದ್ದಿಯಿಲ್ಲ. ಆ ಸೀನು ಒಳಗೆ ಎಲ್ಲಿಗೆ ಹೋಗಿ ಕೂರುತ್ತಿತ್ತೋ ನನಗೆ ಗೊತ್ತಿಲ್ಲ.

ಇಷ್ಟೆಲ್ಲ ಮೌನ ಯಾರಿಗಾಗಿ ಎಂದರೆ, ಊರಿನ ಹಾಡುಗಾರರಿಗಾಗಿ. ಅವರು ನಮ್ಮ ಇವರಿಗೆ ‘ಇನ್ನೊಂದ್ಸಲ’ ಎಂದು ಅಡ್ಡಹೆಸರಿಟ್ಟಿದ್ದರು. ಗಾಜಿನ ಕಿಟಕಿಯ ಈಚೆ ಹಾಡುವವರು, ಆಚೆ ಇವರು. ಇವರ ಕೈಬಳಿ ಒಂದು ಗುಂಡಿ. ಅದನ್ನು ಒತ್ತಿ ಮೈಕಿನಲ್ಲಿ ಮಾತಾಡಿದರೆ ಈಚೆಗೆ ಕೇಳಿಸುತ್ತದೆ. ಇವರು ಆ ಗುಂಡಿ ಒತ್ತಿ ಜೀವಮಾನವಿಡೀ ಆಡಿದ ಮಾತು ಎರಡೇ. “ಕಟ್.” “ಇನ್ನೊಂದ್ಸಲ.” ಯಾರು ಎಷ್ಟೇ ಚೆನ್ನಾಗಿ ಹಾಡಲಿ, ಇವರ ಬಾಯಲ್ಲಿ “ಓಕೆ” ಬಂದದ್ದನ್ನು ಕೇಳಿದವರಿಲ್ಲ. ಹಾಡುವವರು ಸುಸ್ತಾಗಿ ಮನೆಗೆ ಹೋದ ಮೇಲೆ ಇವರು ಒಂದು ಟೇಕಿನಿಂದ ಮೊದಲ ಸಾಲು, ಇನ್ನೊಂದು ಟೇಕಿನಿಂದ ಎರಡನೆಯ ಸಾಲು, ಮತ್ತೊಂದರಿಂದ ಬರೀ ಒಂದು ಉಸಿರು ತೆಗೆದು ತೇಪೆ ಹಾಕಿ ಇಡೀ ಹಾಡು ಹೊಲಿಯುತ್ತಿದ್ದರು. ಹೊಲಿಗೆ ಎಲ್ಲಿದೆ ಎಂದು ಹಾಡಿದವರಿಗೇ ತಿಳಿಯುತ್ತಿರಲಿಲ್ಲ. ಅದರಲ್ಲಿ ಇವರನ್ನು ಮೀರಿಸುವವರಿಲ್ಲ ಎಂದು ನಾನು ಹೆಂಡತಿಯಾಗಿದ್ದೂ ಒಪ್ಪಿಕೊಳ್ಳುತ್ತೇನೆ.

ಹಲ್ಲಿನ ಡಾಕ್ಟರರ ಹಾಡು ಅಂಥದ್ದೊಂದು. ಅವರು ತಾವೇ ಬರೆದು, ತಾವೇ ರಾಗ ಹಾಕಿದ ಹಾಡು ಅದು. ಮೂರನೆಯ ಮಹಡಿಯಲ್ಲಿದ್ದ ಹುಡುಗಿಯನ್ನು ನೋಡಲು ಮೆಟ್ಟಿಲು ಹತ್ತುತ್ತಿದ್ದ ಕಾಲದ್ದು. ‘ಎತ್ತರ, ಎತ್ತರ, ಎತ್ತರ ನಿನ್ನ ಮನೆಯ ಮೆಟ್ಟಿಲು’ ಎಂದು ಪಲ್ಲವಿ. ಮೊದಲ ‘ಎತ್ತರ’ ನೆಲದಲ್ಲಿ, ಎರಡನೆಯದು ಅಟ್ಟದಲ್ಲಿ, ಮೂರನೆಯದು ಆಕಾಶದಲ್ಲಿ. ಆ ಮೂರನೆಯ ‘ಎತ್ತರ’ ಡಾಕ್ಟರರಿಗೆ ಒಂದು ಸಲವೂ ಸಿಕ್ಕಿರಲಿಲ್ಲ. ಇವರು ಇನ್ನೊಂದ್ಸಲ, ಇನ್ನೊಂದ್ಸಲ ಎಂದು ಹಾಡಿಸಿ, ಕೊನೆಗೆ ಆಸೆ ಬಿಟ್ಟು, ಎರಡನೆಯ ‘ಎತ್ತರ’ವನ್ನೇ ಯಂತ್ರದಲ್ಲಿ ಎಳೆದು ಮೇಲೇರಿಸಿ ಮೂರನೆಯದರ ಜಾಗಕ್ಕೆ ಅಂಟಿಸಿದರು. ಡಾಕ್ಟರರಿಗೆ ಹೇಳಲಿಲ್ಲ. ಅವರು ಅದನ್ನು ಕೇಳಿ, “ನೋಡಿದ್ರಾ, ಹತ್ತಿಬಿಟ್ಟೆ!” ಎಂದು ಕುಣಿದಾಡಿದ್ದರು. ಅಂದಿನಿಂದ ಅವರ ಕ್ಲಿನಿಕ್ಕಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಅದೇ ಹಾಡು. ಇಡೀ ಊರು ಬಾಯಿ ತೆರೆದುಕೊಂಡು, ಹಲ್ಲಿಗೆ ಡ್ರಿಲ್ ಇಡಿಸಿಕೊಂಡು ಆ ಹಾಡು ಕೇಳಿದೆ.

ಆಮೇಲೆ ಕಾಲ ಬದಲಾಯಿತು. ಎಲ್ಲರ ಜೇಬಿನಲ್ಲೂ ಒಂದೊಂದು ಸ್ಟುಡಿಯೋ ಬಂತು. ಕಂಬಳಿ ಹೊದ್ದುಕೊಂಡು ಮಂಚದ ಕೆಳಗೆ ಕೂತು ಫೋನಿನಲ್ಲಿ ಹಾಡಿಕೊಂಡರೆ ಮುಗಿಯಿತು, ‘ಇನ್ನೊಂದ್ಸಲ’ ಎಂದು ಪ್ರಾಣ ತಿನ್ನುವವರ ಹಂಗು ಯಾರಿಗೆ ಬೇಕು? ನಮ್ಮ ಮನೆಗೆ ಯಾರೂ ಬರದಾದರು. ಆದರೂ ದಿನಾ ಬೆಳಿಗ್ಗೆ ಕೆಂಪು ದೀಪ ಹೊತ್ತುತ್ತಿತ್ತು. ಒಂದು ದಿನ ಬಾಗಿಲ ಸಂದಿಯಿಂದ ನೋಡಿದೆ. ಇವರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ, ಖಾಲಿ ಕೋಣೆಯನ್ನು ರೆಕಾರ್ಡ್ ಮಾಡುತ್ತಿದ್ದರು.

“ಏನ್ರೀ ಇದು?” ಅಂದೆ.

“ಮೌನ. ಒಂದು ಕಡೆ ಸ್ವಲ್ಪ ನೊಣದ ಸದ್ದಿದೆ,” ಅಂದರು. “ಇನ್ನೊಂದ್ಸಲ ತಗೋಬೇಕು.”

ನನಗೆ ನಗು ಬರಬೇಕಿತ್ತು, ಬರಲಿಲ್ಲ. ಅಡುಗೆಮನೆಗೆ ಬಂದು ಒಂದು ಲೋಟ ನೀರು ಕುಡಿದೆ.

ಇಂಥ ಹೊತ್ತಿಗೆ ಕಾದವರಂತೆ ಬಂದರು ನಮ್ಮ ಭಾವ. ಇವರ ಅಣ್ಣ. ಪೇಟೆಯಲ್ಲಿ ಬಚ್ಚಲುಮನೆಯ ಸಾಮಾನಿನ ಅಂಗಡಿ: ನಲ್ಲಿ, ಬೇಸಿನ್, ಕಮೋಡ್. ಸಂಗೀತದ ವಿಷಯದಲ್ಲಿ ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ. ಸ್ಟುಡಿಯೋದ ಬಾಗಿಲು ತೆರೆದು, ಅತ್ತೆಯ ಎದುರು ಕೂತು ಹೇಳಿದರು: “ಅಮ್ಮ, ನನ್ನ ಗೋಡೌನ್ ತುಂಬಿ ತುಳುಕ್ತಿದೆ. ಇಲ್ಲಿ ನೋಡಿದ್ರೆ ಇಷ್ಟ್ ದೊಡ್ಡ ಕೋಣೆ ಗಾಳಿ ತುಂಬ್ಕೊಂಡು ಕೂತಿದೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ನನಗೆ ಕೊಟ್ಬಿಡಿ. ಇವನೂ ಅಂಗಡಿಗೆ ಬಂದು ಕೂತ್ಕೊಳ್ಳಿ.”

ಗಾಜಿನ ಆಚೆ ಇವರ ಮುಖ ಕಂಡಿತು. ಇವರು ಜಗಳವಾಡಲಿಲ್ಲ, ಕೆಂಪು ದೀಪವನ್ನೂ ಹಾಕಲಿಲ್ಲ. ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತರು. ನನಗೆ ಹೆದರಿಕೆಯಾದದ್ದು ಆಗ. ಈ ಮನುಷ್ಯನಿಗೆ ಆ ಕೋಣೆ ಬಿಟ್ಟರೆ ಬೇರೆ ಜಗತ್ತಿಲ್ಲ. ಇವರನ್ನು ಕಮೋಡುಗಳ ನಡುವೆ ಕೂರಿಸಿದರೆ ನಾಲ್ಕು ದಿನದಲ್ಲಿ ಇವರೂ ಒಂದು ಕಮೋಡಾಗಿ ಹೋಗುತ್ತಾರೆ ಎಂದು ನನಗೆ ಖಚಿತವಾಗಿ ಅನಿಸಿತು.

ನನ್ನ ಬಾಯಿ ನನ್ನನ್ನು ಕೇಳದೆ ಮಾತಾಡಿತು. “ಆ ಕೋಣೇಲಿ ಕಚೇರಿ ಮಾಡ್ತೀವಿ ಭಾವ. ಊರಿನ ಹಾಡುಗಾರರು ಬಂದು ಹಾಡ್ತಾರೆ, ಜನ ಬಂದು ಕೇಳ್ತಾರೆ. ಆಗ್ಲೇ ಎಲ್ಲಾ ನಿಶ್ಚಯ ಆಗಿದೆ.”

ಏನೂ ನಿಶ್ಚಯವಾಗಿರಲಿಲ್ಲ. ಗಾಜಿನ ಆಚೆ ಇವರ ಹುಬ್ಬು ನೆತ್ತಿ ಮುಟ್ಟಿತು.

ಮನೆ ಅತ್ತೆಯದು, ತೀರ್ಪೂ ಅವರದೇ. ಅತ್ತೆ ಕೂತಲ್ಲೇ ಯೋಚಿಸಿದರು. “ಒಂದು ಭಾನುವಾರ ಕೊಡ್ತೀನಿ,” ಅಂದರು. “ಕೋಣೆ ತುಂಬಿ, ಶುರುವಿಂದ ಕೊನೇವರೆಗೂ ಒಬ್ಬರೂ ಎದ್ದುಹೋಗದೆ ಕೇಳಿದ್ರೆ ಅದು ಹಾಡಿಗೆ. ಎದ್ದುಹೋದ್ರೆ ಕಮೋಡಿಗೆ.”

ಭಾವನಿಗೆ ಗೆಲುವಿನ ಬಗ್ಗೆ ಎಷ್ಟು ನಂಬಿಕೆಯೆಂದರೆ ಮಾರನೆಯ ದಿನವೇ ಲಾರಿಯಲ್ಲಿ ಸಾಮಾನು ಕಳಿಸಿದರು. ರಟ್ಟು ಸುತ್ತಿದ ಕಮೋಡುಗಳು ಜಗಲಿಯ ತುಂಬ ಸಾಲಾಗಿ ಬಂದು ಕೂತವು. ನಮ್ಮ ಮನೆಗೆ ಬಂದವರು ಅವುಗಳ ನಡುವೆ ದಾರಿ ಮಾಡಿಕೊಂಡು ಬಾಗಿಲು ಹುಡುಕಬೇಕಾಯಿತು.

“ಜನ ಬಂದ್ರೆ ಕೆಮ್ತಾರೆ,” ಎಂದು ಇವರು ರಾತ್ರಿಯ ಊಟಕ್ಕೆ ಕೂತು ಗೊಣಗಿದರು. ಕಚೇರಿಯ ಬಗ್ಗೆ ಇವರು ಆಡಿದ ಮೊದಲ ಮಾತು ಅದು.

“ಕೆಮ್ಮಲಿ ಬಿಡಿ.”

“ಉಸಿರಾಡ್ತಾರೆ.”

“ಅದನ್ನ ನಿಲ್ಸೋಕೆ ಆಗಲ್ಲ ರೀ.”

ಆದರೂ ಇವರು ಕೆಲಸಕ್ಕೆ ಇಳಿದರು. ಇಳಿದದ್ದು ಹೇಗೆಂದರೆ, ಮೊದಲು ಕುರ್ಚಿಗಳ ಪರೀಕ್ಷೆ. ನಮ್ಮ ಮನೆಯ ಕುರ್ಚಿ, ಪಕ್ಕದ ಮನೆಯ ಕುರ್ಚಿ, ಬಾಡಿಗೆಗೆ ತಂದ ಮಡಚುವ ಕುರ್ಚಿ, ಒಂದೊಂದರ ಮೇಲೂ ಕೂತು ಹಿಂದೆ ಮುಂದೆ ಆಡಿ ಕಿವಿಗೊಟ್ಟು ಕೇಳಿದರು. ಎಲ್ಲವೂ ಕಿರ್ ಅನ್ನುತ್ತಿದ್ದವು. ಒಂದೂ ಪಾಸಾಗಲಿಲ್ಲ. ಬೇಸರದಿಂದ ಜಗಲಿಗೆ ಬಂದು ಅಲ್ಲಿದ್ದ ಒಂದು ಕಮೋಡಿನ ಮೇಲೆ ಕೂತರು. ಎಡಕ್ಕೆ ವಾಲಿದರು, ಬಲಕ್ಕೆ ವಾಲಿದರು. ಎದ್ದು ಮತ್ತೆ ಕೂತರು. ಅವರ ಮುಖದಲ್ಲಿ ಎಷ್ಟೋ ದಿನದ ಮೇಲೆ ಒಂದು ಕಳೆ ಬಂತು.

“ಬಾ ಇಲ್ಲಿ,” ಎಂದು ನನ್ನನ್ನು ಕೂಗಿದರು. “ಕೇಳು.”

“ಏನೂ ಕೇಳಿಸ್ತಿಲ್ಲ.”

“ಅದೇ!” ಅಂದರು.

ಹೀಗೆ ಭಾವನ ಕಮೋಡುಗಳೆಲ್ಲ, ಮುಚ್ಚಳ ಹಾಕಿಕೊಂಡು, ರಟ್ಟಿನ ಸಮೇತ, ಸ್ಟುಡಿಯೋದೊಳಗೆ ಸಾಲಾಗಿ ಸೇರಿದವು. ಭಾವ ಬಯಸಿದ್ದೂ ಕಮೋಡು ಒಳಗೆ ಹೋಗಲಿ ಎಂದೇ ಅಲ್ಲವೇ, ಎಂದು ನಾನು ಸಮಾಧಾನ ಮಾಡಿಕೊಂಡೆ.

ಮೊದಲ ಕಚೇರಿಗೆ ಒಪ್ಪಿದವರು ಹಲ್ಲಿನ ಡಾಕ್ಟರು. ಜೊತೆಗೆ ಗಿಟಾರ್ ನುಡಿಸಲು ಅಂಚೆ ಕಚೇರಿಯ ಕೌಂಟರಿನ ಹುಡುಗಿ. ಡಾಕ್ಟರು ಒಪ್ಪಿದ್ದರಿಂದ ಜನಕ್ಕೆ ಕೊರತೆಯಾಗಲಿಲ್ಲ. ಅವರ ಪೇಷಂಟುಗಳೆಲ್ಲ ಬರುತ್ತೇವೆ ಅಂದರು. ಬರದೇ ಇದ್ದು, ನಾಳೆ ಡಾಕ್ಟರು ಮರಗಟ್ಟುವ ಇಂಜೆಕ್ಷನ್ ಕೊಡುವುದನ್ನು ಮರೆತರೆ ಏನು ಗತಿ?

“ಯಾವ ಹಾಡು ಹಾಡ್ತೀರಿ ಡಾಕ್ಟ್ರೇ?” ಎಂದು ಕೇಳಿದೆ.

“ಇದೇನ್ ಕೇಳ್ತೀರಿ! ‘ಎತ್ತರ’ನೇ! ಮೂರನೇದು ಬಂದಾಗ ಜನ ಎದ್ದು ನಿಲ್ತಾರೆ ನೋಡ್ತಿರಿ.”

ನಾನು ಇವರ ಕಡೆ ನೋಡಿದೆ. ಇವರು ನೆಲದ ಕಡೆ ನೋಡಿದರು.

ಭಾನುವಾರ ಮಧ್ಯಾಹ್ನ ಜನ ಬಂದರು. ಇವರು ಬಾಗಿಲಲ್ಲೇ ನಿಂತಿದ್ದರು, ಸ್ವಾಗತಕ್ಕಲ್ಲ. ಕೀಲಿಗೊಂಚಲು, ಬಳೆ, ಚಿಲ್ಲರೆ ಕಾಸು, ಸರಬರ ಎನ್ನುವ ಪ್ಲಾಸ್ಟಿಕ್ ಚೀಲ ಎಲ್ಲವನ್ನೂ ಒಂದು ಬುಟ್ಟಿಗೆ ಹಾಕಿಸಿಕೊಂಡರು. ಬೂಟು ಕಳಚಿಸಿದರು. ಒಬ್ಬೊಬ್ಬರನ್ನೂ ಹಜಾರದಲ್ಲಿ ಒಂದು ಸಲ ಕೂರಿಸಿ ಏಳಿಸಿ ಮಂಡಿಗೆ ಕಿವಿಗೊಟ್ಟರು. ರಿಟೈರ್ಡ್ ಹೆಡ್‌ಮಾಸ್ಟರರ ಬಲಮಂಡಿ ಲಟಕ್ ಅಂದಿತು.

“ಸಾರ್, ನೀವು ಒಂದ್ಸಲ ಕೂತ್ರೆ ಆಯ್ತು. ಕೊನೇವರೆಗೂ ಏಳಬಾರ್ದು,” ಎಂದು ಇವರು ಕಟ್ಟುನಿಟ್ಟಾಗಿ ಹೇಳಿದರು.

“ಎದ್ದುಹೋಗ್ಬೇಕು ಅನ್ಸಿದ್ರೆ?”

“ಏಳಬಾರ್ದು ಸಾರ್.”

ಇದು ನಮಗೇ ಒಳ್ಳೆಯದಾಯಿತಲ್ಲ ಎಂದು ನಾನು ಒಳಗೊಳಗೇ ಖುಷಿಪಟ್ಟೆ. ಕೋಣೆ ತುಂಬಿತು. ಗೋಡೆಗೆಲ್ಲ ಹಳೆಯ ಹಾಸಿಗೆ ಬಡಿದಿರುವ ಕೋಣೆ ಅದು, ಪಿಸುಮಾತು ಕೂಡ ಹುಟ್ಟಿದಲ್ಲೇ ಸಾಯುತ್ತದೆ. ಎಲ್ಲರೂ ಕಮೋಡಿನ ಮೇಲೆ ಬೆನ್ನು ನೆಟ್ಟಗೆ ಮಾಡಿ, ಕೈ ಮಡಿಲಲ್ಲಿಟ್ಟು, ಡಾಕ್ಟರರ ಕ್ಲಿನಿಕ್ಕಿನಲ್ಲಿ ಕೂತಂತೆಯೇ ಕೂತರು. ಕೊನೆಯಲ್ಲಿ ಭಾವ ಬಂದರು, ಕೈಯಲ್ಲಿ ಅಳತೆಯ ಟೇಪು ಹಿಡಿದು. ತಮ್ಮ ಸರಕಿನ ಮೇಲೆ ಊರೇ ಕೂತಿರುವುದನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟರು. ಉಳಿದಿದ್ದ ಒಂದೇ ಜಾಗದಲ್ಲಿ ತಾವೂ ಕೂತರು. ಅತ್ತೆ ಮೊದಲ ಸಾಲು. ನಾನು ಬಾಗಿಲ ಪಕ್ಕ, ಯಾರೂ ಏಳದಂತೆ ಕಾವಲು.

“ಕೆಂಪು ದೀಪ ಹೊತ್ತಿರೋವಾಗ ಯಾರೂ ಚಪ್ಪಾಳೆ ತಟ್ಟಬಾರ್ದು. ದೀಪ ಆರಿದ ಮೇಲೆ ತಟ್ಟಬಹುದು. ಬೇಕು ಅನ್ಸಿದ್ರೆ,” ಎಂದು ಹೇಳಿ ಇವರು ಗಾಜಿನ ಆಚೆ ಹೋಗಿ ಕೂತರು. ಹೆಡ್‌ಫೋನ್ ಹಾಕಿಕೊಂಡರು. ಈಚೆ ಬಂದು ಜನರ ಜೊತೆ ಕೂರಿ ಎಂದು ಬೆಳಗಿನಿಂದ ಹೇಳಿದ್ದೆ, ಕೇಳಿರಲಿಲ್ಲ. ದೀಪ ಹೊತ್ತಿತು.

ಗಿಟಾರ್ ಹುಡುಗಿ ಚೆನ್ನಾಗಿ ಎತ್ತಿಕೊಂಡಳು. ಡಾಕ್ಟರು ಕಣ್ಣು ಮುಚ್ಚಿ ಮೊದಲ ‘ಎತ್ತರ’ ಹಾಡಿದರು, ಸೊಗಸಾಗಿತ್ತು. ಎರಡನೆಯ ‘ಎತ್ತರ’, ಅದೂ ಸೊಗಸು. ಜನ ಕತ್ತು ಮುಂದೆ ಚಾಚಿದರು. ಡಾಕ್ಟರು ಮೂರನೆಯದಕ್ಕೆ ಕೈ ಎತ್ತಿದರು, ಹಿಮ್ಮಡಿ ಎತ್ತಿದರು, ಗಲ್ಲವನ್ನೂ ಎತ್ತಿದರು. ದನಿಯೊಂದು ಮಾತ್ರ ಏಳಲಿಲ್ಲ. ಹಿತ್ತಿಲ ಬಾಗಿಲು ಯಾರೋ ಮೆಲ್ಲಗೆ ತೆರೆದ ಹಾಗೆ ಒಂದು ಸದ್ದು ಹೊರಟಿತು.

ಅಷ್ಟೇ. ಆಗಬಾರದ್ದು ಆಗಲೇ ಆದದ್ದು. ಗೋಡೆಯ ಸ್ಪೀಕರಿನಲ್ಲಿ ‘ಟಕ್’ ಎಂದು ಸದ್ದು ಬಂತು, ಹಿಂದೆಯೇ ಇವರ ದನಿ.

“ಕಟ್. ಇನ್ನೊಂದ್ಸಲ.”

ನಾನು ತಲೆ ಮೇಲೆ ಕೈ ಹೊತ್ತೆ. ಇವರೇ ಗಾಜಿನ ಆಚೆ ತಮ್ಮ ಕೈಯನ್ನು ತಾವೇ ಬೆಚ್ಚಿಬಿದ್ದು ನೋಡುತ್ತಿದ್ದರು. ಗುಂಡಿ ಒತ್ತಿದ್ದು ಅವರಲ್ಲ, ಅವರ ಬೆರಳು. ಆದರೆ ಅಭ್ಯಾಸ ಇವರೊಬ್ಬರಿಗೇ ಇತ್ತೇ? ‘ಇನ್ನೊಂದ್ಸಲ’ ಕೇಳಿದ ಕೂಡಲೇ ಡಾಕ್ಟರು ಗಂಟಲು ಸರಿಮಾಡಿಕೊಂಡರು, ಗಿಟಾರ್ ಹುಡುಗಿ ಮೊದಲಿನಿಂದ ಎತ್ತಿಕೊಂಡಳು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಎತ್ತರ. ಎತ್ತರ. ಹಿತ್ತಿಲ ಬಾಗಿಲು.

“ಕಟ್. ಇನ್ನೊಂದ್ಸಲ.”

ಈಗ ಬೆರಳಿನ ತಪ್ಪಲ್ಲ, ಇವರೇ ಒತ್ತಿದ್ದು. ಹಾಗೇ ಮತ್ತೊಂದು, ಮಗದೊಂದು. ಹಾಡ್ತಾ ಹಾಡ್ತಾ ರಾಗ ಅಂತಾರೆ, ನರಳ್ತಾ ನರಳ್ತಾ ರೋಗ ಅಂತಲೂ ಅಂತಾರೆ. ಡಾಕ್ಟರದು ಎರಡರ ನಡುವೆ ಎಲ್ಲೋ ಇತ್ತು. ಹಿಂದಿನ ಸಾಲಿನಲ್ಲಿ ಯಾರೋ ಮಿಸುಕಾಡಿದರು. ಭಾವ ಖುಷಿಯಿಂದ ಟೇಪು ಬಿಚ್ಚಿ ಕೂತಲ್ಲೇ ಗೋಡೆ ಅಳೆಯತೊಡಗಿದರು. ಮುಗಿಯಿತು, ಈಗ ಏಳುತ್ತಾರೆ, ಕೋಣೆ ಹೋಯಿತು, ಇವರೂ ಹೋದರು ಎಂದುಕೊಂಡೆ.

ಡಾಕ್ಟರು ಹಾಡು ನಿಲ್ಲಿಸಿದರು. ಹಣೆಯ ಬೆವರು ಒರೆಸಿಕೊಂಡು ಗಾಜಿನ ಕಡೆ ತಿರುಗಿದರು. ಅವರ ಮುಖ ಸಣ್ಣಗಾಗಿತ್ತು.

“ಅಲ್ಲಾ ಸ್ವಾಮಿ, ನಾನೇ ಅಲ್ವಾ ಇದನ್ನ ಹಾಡಿದ್ದು? ದಿನಾ ಕೇಳ್ತೀನಲ್ಲ! ಈಗ್ಯಾಕೆ ಹತ್ತಕ್ಕಾಗ್ತಿಲ್ಲ?”

ಸ್ಪೀಕರ್ ‘ಟಕ್’ ಅಂದಿತು.

“ಡಾಕ್ಟ್ರೇ,” ಅಂದರು ಇವರು, “ಅದು ನೀವು ಹಾಡಿದ್ದಲ್ಲ. ಎರಡನೇದನ್ನೇ ನಾನು ಎಳೆದು ಅಂಟಿಸಿದ್ದು. ಮೂರನೇದು ನಿಮಗೆ ಯಾವತ್ತೂ ಬಂದಿಲ್ಲ.”

ಊರಿನ ಎದುರು ಹೇಳಿಬಿಟ್ಟರು ಪುಣ್ಯಾತ್ಮರು! ಡಾಕ್ಟರು ಸ್ಟೂಲಿನ ಮೇಲೆ ಕುಸಿದು ಕೂತರು. ಇಷ್ಟು ವರ್ಷ ಊರಿನ ಹಲ್ಲೆಲ್ಲ ಕಿತ್ತವರು, ಈಗ ತಮ್ಮದೇ ಹಲ್ಲು ಕೀಳಿಸಿಕೊಂಡವರಂತೆ ದವಡೆ ಹಿಡಿದುಕೊಂಡರು. ನನಗೆ ಇವರ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು, ಪಾಪವೂ ಅನಿಸಿತು. ಸುಳ್ಳು ಹೇಳಿ ದಾಟಿಸಬಹುದಿತ್ತು, ಹೇಳಲಿಲ್ಲವಲ್ಲ.

ಆಗ ಕೋಣೆಯ ನಡುವಿನಿಂದ ಒಂದು ದನಿ ಬಂತು. ಹೆಡ್‌ಮಾಸ್ಟರು. ಏಳಬಾರದೆಂಬ ಆಜ್ಞೆಯನ್ನು ಪಾಲಿಸಿ ಕೂತಲ್ಲಿಂದಲೇ ಮಾತಾಡಿದರು.

“ಡಾಕ್ಟ್ರೇ, ನೀವು ಬಾಯಿ ಸರಿಯಾಗಿ ತೆಗೀತಿಲ್ಲ.”

“ಏನಂದ್ರಿ?”

“ನಮಗೆಲ್ಲ ಹೇಳ್ತೀರಲ್ಲ, ದೊಡ್ಡದಾಗಿ ತೆಗೀರಿ ಅಂತ. ನೀವು ಅಕ್ಕಿ ಆರಿಸೋ ಹಾಗೆ ಬಾಯಿ ಮುಚ್ಕೊಂಡು ಹಾಡ್ತಿದೀರಿ.”

“ಹೌದೌದು, ನಾನೂ ನೋಡ್ತಾನೇ ಇದೀನಿ!” ಎಂದು ಮೊನ್ನೆ ತಾನೇ ದವಡೆ ಹಲ್ಲು ಕೀಳಿಸಿಕೊಂಡ ಹೆಂಗಸು ಕೆನ್ನೆ ಒತ್ತಿ ಹಿಡಿದೇ ಕೂಗಿದಳು. “ಇನ್ನೂ ಸ್ವಲ್ಪ ತೆಗೀರಿ ಡಾಕ್ಟ್ರೇ! ನೋವಾಗಲ್ಲ!”

ಇಡೀ ಕೋಣೆ ಒಮ್ಮೆಲೇ ನಕ್ಕಿತು. ಕೆಂಪು ದೀಪ ಹೊತ್ತಿದ್ದಾಗ ಆ ಕೋಣೆಯಲ್ಲಿ ಯಾರಾದರೂ ನಕ್ಕದ್ದು ಅದೇ ಮೊದಲು. ನಾನು ಗಾಬರಿಯಿಂದ ಗಾಜಿನ ಕಡೆ ನೋಡಿದೆ. ಇವರು ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿದ್ದರು.

ಡಾಕ್ಟರು ಎದ್ದು ನಿಂತರು. “ಇನ್ನೊಂದ್ಸಲ?” ಎಂದು ಅವರೇ ಕೇಳಿದರು.

“ಇನ್ನೊಂದ್ಸಲ!” ಅಂದದ್ದು ಇವರಲ್ಲ, ಜನ.

ಆಮೇಲಿನದನ್ನು ಕಚೇರಿ ಅನ್ನಬೇಕೋ ಹಗ್ಗಜಗ್ಗಾಟ ಅನ್ನಬೇಕೋ ನನಗೆ ತಿಳಿಯದು. ಡಾಕ್ಟರು ಒಂದೊಂದು ಸಲ ಹತ್ತುವಾಗಲೂ ಜನ ತಾವೂ ಬಾಯಿ ತೆರೆದು, ಕತ್ತೆತ್ತಿ, ಕೂತಲ್ಲೇ ಒಂದಿಷ್ಟು ಮೇಲೇಳುತ್ತಿದ್ದರು. ಅವರು ಜಾರಿದರೆ ಎಲ್ಲರೂ “ಛೆ!” ಎಂದು ಕಮೋಡಿನ ಮೇಲೆ ಕುಸಿಯುತ್ತಿದ್ದರು. “ಈ ಸಲ ಕೂದಲೆಳೆಯಲ್ಲಿ ಹೋಯ್ತು!” “ಉಸಿರು ಬೇಗ ಬಿಟ್ರಿ!” “ಮೆಟ್ಟಿಲ ಮೇಲೆ ಆ ಹುಡುಗಿ ನಿಂತಿದಾಳೆ ಅಂದ್ಕೊಳ್ಳಿ!” ಎಂದು ಸಲಹೆಗಳು ಹಾರುತ್ತಿದ್ದವು. ಆ ಹುಡುಗಿ, ಈಗ ಡಾಕ್ಟರರ ಹೆಂಡತಿ, ಎರಡನೆಯ ಸಾಲಿನಲ್ಲಿ ಕೂತು, “ನಮ್ಮ ಮನೇಲಿ ಲಿಫ್ಟ್ ಇತ್ತು, ಇವರೇ ಹತ್ತಲಿಲ್ಲ,” ಎಂದು ಪಕ್ಕದವರಿಗೆ ಹೇಳುತ್ತಿದ್ದಳು. ಭಾವ ಅಳತೆಯ ಟೇಪನ್ನು ಮರೆತು, ಮುಷ್ಟಿ ಬಿಗಿದು, “ಏರು! ಏರು! ಏರು!” ಎಂದು ತೊಡೆ ತಟ್ಟುತ್ತಿದ್ದರು. ಒಬ್ಬರೂ ಎದ್ದುಹೋಗುವ ಮಾತಿರಲಿ, ಬಾಗಿಲ ಕಡೆ ತಿರುಗಿಯೂ ನೋಡಲಿಲ್ಲ. ನಾನು ಕಾವಲು ಬಿಟ್ಟು ಒಳಗೆ ಬಂದು ನಿಂತೆ.

ಎಷ್ಟನೆಯ ಸಲವೋ. ಡಾಕ್ಟರರ ಅಂಗಿ ಬೆನ್ನಿಗೆ ಅಂಟಿತ್ತು, ಗಿಟಾರ್ ಹುಡುಗಿ ಬೆರಳಿಗೆ ಉಫ್ ಎಂದು ಊದಿಕೊಳ್ಳುತ್ತಿದ್ದಳು. ಮೊದಲ ‘ಎತ್ತರ’ ಬಂತು. ಎರಡನೆಯದು ಬಂತು. ಡಾಕ್ಟರು ಬಾಯಿ ತೆರೆದರು. ಹಿಂದಿನ ಬುದ್ಧಿಹಲ್ಲಿನವರೆಗೆ ಎಲ್ಲ ಕಾಣುವಂತೆ ತೆರೆದರು. ಮೂರನೆಯ ‘ಎತ್ತರ’ ನೆಲ ಬಿಟ್ಟಿತು, ಅಟ್ಟ ದಾಟಿತು, ಒಂದು ಕ್ಷಣ ನಡುಗಿತು, ಮತ್ತೆ ಏರಿತು, ಹೋಗಿ ನೆಟ್ಟಗೆ ಅದರ ಜಾಗದಲ್ಲೇ ನಿಂತಿತು. ತೇಪೆಯಿಲ್ಲ, ಹೊಲಿಗೆಯಿಲ್ಲ. ಒಬ್ಬ ಮನುಷ್ಯನ ಗಂಟಲಿನಿಂದ ಬಂದ ಒಂದೇ ಒಂದು ಸ್ವರ. ನನ್ನ ಕಣ್ಣಲ್ಲಿ ನೀರು ಬಂತು.

ಸರಿಯಾಗಿ ಆಗಲೇ ಅತ್ತೆಯ ಕೈ ಮೂಗಿಗೆ ಹೋಗುವುದನ್ನು ನೋಡಿದೆ. ಕಣ್ಣು ಹೊರಗೆ ಬಂತು. ಭುಜ ಮೇಲೆ ಹಾರಿತು. ಹಿಡಿದರು, ಹಿಡಿದರು, ಆದರೆ ಇಷ್ಟು ವರ್ಷ ನುಂಗಿದ್ದೆಲ್ಲ ಅವತ್ತೇ ಒಟ್ಟಿಗೆ ವಾಪಸು ಬಂತು.

“ಹಾ... ಹಾ... ಹಾಕ್ಷೀ!”

ಗೋಡೆಯ ಹಾಸಿಗೆಯೊಂದು ಕಳಚಿ ಬಿತ್ತು. ಗಿಟಾರಿನ ತಂತಿಗಳು ತಾವಾಗಿಯೇ ಝೇಂಕರಿಸಿದವು. ಸ್ವರ ಇನ್ನೂ ನಿಂತೇ ಇತ್ತು, ಸೀನು ಅದರ ನೆತ್ತಿಯ ಮೇಲೆ ಕೂತಿತ್ತು.

ಹಾಡು ನಿಂತಿತು. ಅತ್ತೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದರು. ಎಲ್ಲರೂ ಗಾಜಿನ ಕಡೆ ತಿರುಗಿದರು. ಟೇಕ್ ಕೆಟ್ಟಿತು, ಯಾರ ಲೆಕ್ಕದಲ್ಲಿ ನೋಡಿದರೂ ಕೆಟ್ಟಿತು. ಖಾಲಿ ಕೋಣೆಯಲ್ಲಿ ನೊಣ ಹಾರಿದ್ದಕ್ಕೆ ಮತ್ತೆ ತೆಗೆದ ಮನುಷ್ಯ ಇವರು. ಡಾಕ್ಟರಿಗೆ ಇನ್ನೊಮ್ಮೆ ಹತ್ತುವ ಶಕ್ತಿಯಿಲ್ಲ ಎಂದು ಅವರ ಕಾಲು ನೋಡಿದರೇ ಗೊತ್ತಾಗುತ್ತಿತ್ತು. ಇವರ ಬೆರಳು ಗುಂಡಿಯ ಮೇಲಿತ್ತು. ‘ಟಕ್’ ಅಂದಿತು.

ಮಾತು ಬರಲಿಲ್ಲ.

ಆಮೇಲೆ ಗಾಜಿನ ಕೋಣೆಯ ಬಾಗಿಲು ತೆರೆಯಿತು. ಇವರು ಹೆಡ್‌ಫೋನ್ ತೆಗೆಯುವುದನ್ನೇ ಮರೆತು ಹೊರಗೆ ಬಂದರು. ವೈರು ಎಳೆದು, ಹಿಂದೆ ಏನೋ ದಡದಡ ಬಿತ್ತು. ಅದರ ಕಡೆ ತಿರುಗಿಯೂ ನೋಡಲಿಲ್ಲ. ಬಿದ್ದ ಹಾಸಿಗೆ ದಾಟಿ ಬಂದು ಅತ್ತೆಯ ಎದುರು ಮಂಡಿಯೂರಿ ಕೂತರು.

“ಅಮ್ಮ, ಇದನ್ನ ಯಾವಾಗಿಂದ ಹಿಡ್ಕೊಂಡಿದ್ದೆ?”

“ನೀನು ಆ ದೀಪ ಹಾಕಿದ ದಿನದಿಂದ ಕಣೋ,” ಅಂದರು ಅತ್ತೆ ಕೈಯ ಸಂದಿಯಿಂದ. “ಹಾಳಾಯ್ತಲ್ವಾ? ನಿನ್ನ ಹಾಡು ಹಾಳು ಮಾಡಿದೆ.”

ಇವರು ತಾಯಿಯ ಕೈಗಳನ್ನು ಮುಖದಿಂದ ಬಿಡಿಸಿದರು. ಅಲ್ಲೇ ಕೂತು, ಡಾಕ್ಟರರ ಕಡೆ ತಿರುಗಿ, ಗುಂಡಿಯಿಲ್ಲದೆ, ಮೈಕಿಲ್ಲದೆ ಹೇಳಿದರು.

“ಓಕೆ.”

“ಏನಂದ್ರಿ?” ಡಾಕ್ಟರಿಗೆ ನಂಬಿಕೆ ಬರಲಿಲ್ಲ.

“ಟೇಕ್ ಓಕೆ. ಇದು ನೀವೇ ಹಾಡಿದ್ದು.”

ಕೆಂಪು ದೀಪ ಇನ್ನೂ ಹೊತ್ತಿತ್ತು. ಚಪ್ಪಾಳೆ ತಟ್ಟಬಾರದೆಂದು ಎಲ್ಲರಿಗೂ ನೆನಪಿತ್ತು, ತಟ್ಟುವ ಆಸೆಯೂ ಇತ್ತು. ನಾನೇ ಗಾಜಿನ ಕೋಣೆಯೊಳಗೆ ನುಗ್ಗಿ ಸ್ವಿಚ್ ಆರಿಸಿದೆ. ಆ ಸ್ವಿಚ್ಚಿಗೆ ನನ್ನ ಕೈ ಸೋಕಿದ್ದು ಅದೇ ಮೊದಲು. ಆಮೇಲೆ ಎದ್ದ ಚಪ್ಪಾಳೆಗೆ ಇನ್ನೆರಡು ಹಾಸಿಗೆ ಕಳಚಿಬಿದ್ದವು. ಭಾವ ಮಾತ್ರ ತೊಡೆ ತಟ್ಟುತ್ತ, “ಇನ್ನೊಂದ್ಸಲ! ಇನ್ನೊಂದ್ಸಲ!” ಎನ್ನುತ್ತಲೇ ಇದ್ದರು.

“ಸಾಕಣ್ಣ,” ಅಂದರು ಇವರು. “ಆಯ್ತು.”

ಜನ ಹೊರಡುವಾಗ ಹೆಡ್‌ಮಾಸ್ಟರು ಎದ್ದರು. ನಾವೆಲ್ಲ ಕಿವಿ ನಿಮಿರಿಸಿದೆವು. ಮಂಡಿ ಸದ್ದು ಮಾಡಲಿಲ್ಲ. ಅವರು ತಾವು ಕೂತಿದ್ದ ಕಮೋಡನ್ನು ಬಗ್ಗಿ ನೋಡಿ, ಭಾವನನ್ನು ಕರೆದರು. “ಎತ್ತರ ಸರಿಯಾಗಿದೆ. ಇದನ್ನ ನಮ್ಮನೆಗೆ ಕಳಿಸಿ,” ಅಂದರು. ಅವರ ಹಿಂದೆ ಇನ್ನೂ ಒಬ್ಬಿಬ್ಬರು ತಾವು ಕೂತಿದ್ದನ್ನು ಬಿಟ್ಟುಕೊಡಲೊಪ್ಪಲಿಲ್ಲ.

ಭಾವ ಅಳತೆಯ ಟೇಪು ಜೇಬಿಗೆ ಹಾಕಿಕೊಂಡು ಅತ್ತೆಯ ಬಳಿ ಬಂದರು. “ಅಮ್ಮ, ಮುಂದಿನ ಭಾನುವಾರ ಯಾರು ಹಾಡ್ತಾರೆ? ನಾನು ಬೇಸಿನ್ನೂ ಕಳಿಸ್ಲಾ?”

“ಬೇಸಿನ್ ಮೇಲೆ ಯಾರು ಕೂರ್ತಾರೆ, ಹೋಗೋ,” ಅಂದರು ಅತ್ತೆ, ಅಂದು ಇನ್ನೊಮ್ಮೆ ಧಾರಾಳವಾಗಿ ಸೀನಿದರು.

ಎಲ್ಲ ಹೋದ ಮೇಲೆ ನಾನು ಬುಟ್ಟಿಯಲ್ಲಿ ಉಳಿದ ಯಾರದೋ ಕೀಲಿಗಳನ್ನು ಎತ್ತಿಡುತ್ತಿದ್ದೆ. ಇವರು ಬಿದ್ದ ಹಾಸಿಗೆಯ ಮೇಲೆ ಕಾಲು ಚಾಚಿ ಕೂತಿದ್ದರು, ಗಾಜಿನ ಈಚೆಯೇ. ಸಮಯ ನೋಡಿಕೊಂಡು ನಾನು ಸೊಂಟಕ್ಕೆ ಕೈಯಿಟ್ಟೆ.

“ಅಲ್ಲಾ ರೀ, ಊರಿನ ಎದುರು ಡಾಕ್ಟ್ರಿಗೆ ಹಾಗೆ ಹೇಳೋದಾ? ಅದಲ್ದೆ ನಿನ್ನೆ ನಾನು ಹೇಳಿದ್ದು ಏನಾಯ್ತು?”

ಇವರು ಸ್ವಿಚ್ಚಿನ ಕಡೆ ನೋಡಿದರು. ನಾನು ಅಡುಗೆಮನೆಯ ಬಲ್ಬಿನ ಕಡೆ ನೋಡಿದೆ. ಇವರು ಏಳಲಿಲ್ಲ. ಕಿವಿಯ ಮೇಲಿದ್ದ ಹೆಡ್‌ಫೋನ್ ತೆಗೆದು ಪಕ್ಕಕ್ಕಿಟ್ಟು, ನನ್ನ ಮುಖ ನೋಡಿ, “ಹೇಳು, ಏನು ಹೇಳಿದ್ದೆ?” ಅಂದರು.

ಇಷ್ಟು ವರ್ಷದಲ್ಲಿ ಇವರು ಹಾಗೆ ಕೇಳಿದ್ದೇ ಇಲ್ಲ. ನನ್ನ ಬಾಯಿ ತೆರೆದೇ ಇತ್ತು, ಡಾಕ್ಟರು ನೋಡಿದ್ದರೆ ಮೆಚ್ಚುತ್ತಿದ್ದರು. ನಿನ್ನೆ ಏನು ಹೇಳಿದ್ದೆನೆಂದು ಏನು ಮಾಡಿದರೂ ನೆನಪಾಗಲಿಲ್ಲ.

“ಪರವಾಗಿಲ್ಲ,” ಅಂದರು ಇವರು, ಹಾಸಿಗೆಯಲ್ಲಿ ಪಕ್ಕಕ್ಕೆ ಸರಿದು ನನಗೂ ಜಾಗ ಮಾಡುತ್ತ. “ಮೊದಲಿಂದ ಶುರು ಮಾಡು. ಇನ್ನೊಂದ್ಸಲ.”